ಆನೆಬಂಡೆ ಮಡುವಿನ ಹೊನ್ನವ್ವ

ನಮ್ಮ ಅತ್ತೆ ಹೊನ್ನವ್ವನ ಎಡಗೈ ಮಣಿಕಟ್ಟಿಗೆ ಒಂದು ಬಳೆ ಇತ್ತು. ಗಾಜಿನದಲ್ಲ, ಬಂಗಾರದ್ದೂ ಅಲ್ಲ, ಹಲ್ಲಿನದು. ಬಾಳೆಮೀನಿನ ಬಾಯಿ ನೋಡಿದವರಿಗೆ ಗೊತ್ತು: ಅಷ್ಟಗಲ ಬಾಯಿ, ಎರಡು ಉದ್ದ ಮೀಸೆ, ಒಳಗೆ ಬಾಚಣಿಗೆಯ ಹಾಗೆ ಒತ್ತೊತ್ತಾಗಿ ಸಣ್ಣ ಹಲ್ಲು. ಯಾವ ಕಾಲದಲ್ಲೋ ಅಂಥದೊಂದು ಮೀನು ಅವರ ಕೈಯನ್ನು ಮಣಿಕಟ್ಟಿನ ತನಕ ನುಂಗಿ, ಬಿಡುವಾಗ ಸುತ್ತಲೂ ಚುಕ್ಕೆ ಚುಕ್ಕೆ ಗುರುತು ಉಳಿಸಿ ಹೋಗಿತ್ತು. ಮಾವ ಜ್ವರದಲ್ಲಿ ತೀರಿಕೊಂಡ ದಿನ ಕೇರಿಯ ಹೆಂಗಸರು ಅತ್ತೆಯ ಬಳೆ ಒಡೆಯಲು ಬಂದಾಗ ಬಲಗೈ ಮುಂದೆ ಚಾಚಿ, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರಂತೆ. "ಆ ಕೈನೂ ತೆಗಿಯವ್ವ" ಅಂದರೆ, "ಇದು ಹೊಳೆ ತೊಡಿಸಿದ್ದು. ಇದನ್ನ ಒಡಿಯಾಕೆ ನಿಮ್ಮ ಕೈಲಿ ಆಗಲ್ಲ" ಅಂದರಂತೆ. ಈ ಮಾತನ್ನು ನನಗೆ ಹತ್ತು ಜನ ಹತ್ತು ಸಲ ಹೇಳಿದ್ದಾರೆ. ಅತ್ತೆ ಮಾತ್ರ ಒಂದು ಸಲವೂ ಹೇಳಲಿಲ್ಲ.

ನಾನು ಭಾನುವಳ್ಳಿಯ ಹುಡುಗಿ. ನಮ್ಮ ತವರಿನವರೂ ಅಂಬಿಗರೇ, ಆದರೆ ಹುಟ್ಟು ಬಿಟ್ಟು ನೇಗಿಲು ಹಿಡಿದು ಎರಡು ತಲೆಮಾರಾಗಿತ್ತು. ಏಳನೇ ತರಗತಿ ಪಾಸಾಗಿದ್ದೆ, ಕಾಗದ ಬರೆಯುತ್ತಿದ್ದೆ, ಓದುತ್ತಿದ್ದೆ, ಆ ಜಂಬ ಮೂಗಿನ ತುದಿಯಲ್ಲೇ ಇತ್ತು. ನೀರೆಂದರೆ ಮಾತ್ರ ಕೆರೆಯ ಮೆಟ್ಟಿಲಿನಿಂದ ಕೆಳಗೆ ಇಳಿದವಳಲ್ಲ. ಐವತ್ತರ ದಶಕದ ಕೊನೆಗೆ ಮದುವೆಯಾಗಿ ಹರಿಹರಕ್ಕೆ ಬಂದಾಗ, ಹಿತ್ತಿಲ ಬಾಗಿಲು ತೆಗೆದರೆ ತುಂಗಭದ್ರೆ. ಎದೆ ಧಸಕ್ಕೆಂದು ಬಾಗಿಲು ಮುಚ್ಚಿದೆ. ಅತ್ತೆ ಹಿಂದೆಯೇ ನಿಂತಿದ್ದರು. "ಮುಚ್ಚಿದ್ರೆ ಹೊಳೆ ಎಲ್ಲಿಗೂ ಹೋಗಲ್ಲ, ಭಾನುವಳ್ಳಿ. ತೆಗಿ, ಗಾಳಿ ಬರ್ಲಿ" ಅಂದರು. ಅಂದಿನಿಂದ ನನ್ನ ಹೆಸರೇ ಭಾನುವಳ್ಳಿ. ಅಪ್ಪ ಅಮ್ಮ ಇಟ್ಟ ಗಿರಿಜ ಎಂಬ ಹೆಸರು ಆ ಮನೆಯಲ್ಲಿ ರೇಷನ್ ಚೀಟಿಗೆ ಮಾತ್ರ ಉಪಯೋಗಕ್ಕೆ ಬಂತು.

ನಮ್ಮವರು ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಮಗ್ಗದ ಕೆಲಸಕ್ಕಿದ್ದರು. ಬೆಳಗಿನ ರೈಲಿಗೆ ಹೋಗಿ ಸಂಜೆ ತಲೆಯ ತುಂಬ ಹತ್ತಿ ಹಿಂಜು ಹೊತ್ತು ಬರುವವರು. ಒಳ್ಳೆಯ ಮನುಷ್ಯ, ಆದರೆ ಹರಿಗೋಲು ಹತ್ತಿದರೆ ತಲೆ ತಿರುಗಿ ವಾಂತಿ ಮಾಡುವ ಅಂಬಿಗ. ಹೀಗಾಗಿ ಮನೆಯ ಗಾಳ ಅತ್ತೆಯ ಕೈಯಲ್ಲಿತ್ತು. ರೈಲು ಸೇತುವೆಯ ಕೆಳಗೆ, ಆನೆ ಮಲಗಿದಂತಿರುವ ಬಂಡೆಯ ಪಕ್ಕದ ಆಳವಾದ ಮಡು ನಮ್ಮ ಮನೆಯದು. ಆ ಕಾಲಕ್ಕೆ ಕೇರಿಯ ಕಟ್ಟು ಹಾಗಿತ್ತು: ಒಂದೊಂದು ಮನೆಗೆ ಒಂದೊಂದು ಮಡು, ಬೇರೆಯವರು ಅಲ್ಲಿ ಗಾಳ ಇಳಿಸುವಂತಿಲ್ಲ. ಆದರೆ ಮಡು ಅಪ್ಪನಿಂದ ಮಗನಿಗೆ ತಾನಾಗಿ ಬರುವ ಹೊಲವಲ್ಲ. ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ, ಗೊತ್ತಾದ ಒಂದು ಬೆಳಿಗ್ಗೆ ಕೇರಿಯ ಯಜಮಾನರು ದಡದಲ್ಲಿ ಕೂರುತ್ತಿದ್ದರು. ಹಿಂದಿನ ಸಂಜೆ ಇಳಿಸಿದ ಗಾಳವನ್ನು ಮನೆಯವರು ಅವರ ಕಣ್ಣೆದುರಿಗೆ ಎತ್ತಬೇಕು. ಎತ್ತುವವರ ಕೈ ತಡವರಿಸಿದರೆ, ಬಿಸಿಲು ಸೇತುವೆಯ ಕಂಬಕ್ಕೆ ಬರುವುದರೊಳಗೆ ಮೀನು ಬರದಿದ್ದರೆ, ಮಡು ಕೇಳಿದ ಬೇರೆ ಮನೆಗೆ. ಗಿರಣಿ ಸೈರನ್ನಿಗೆ ಏಳುವವನಿಗೆ ಮಡು ಇಲ್ಲ ಎಂದೂ ಒಂದು ಮಾತಿತ್ತು. ಮಾವನ ದೊಡ್ಡಪ್ಪನ ಮಗ ಹಾಲಪ್ಪ ನಮ್ಮ ಮಡುವಿನ ಮೇಲೆ ಕಣ್ಣಿಟ್ಟು ಕೂತು ವರ್ಷಗಳೇ ಆಗಿದ್ದವು.

ಅತ್ತೆಯ ರೀತಿಯೇ ಬೇರೆ. ಹೊಳೆಯನ್ನು ಏಕವಚನದಲ್ಲಿ ಬೈಯುವರು, ಮೀನನ್ನು ಬಹುವಚನದಲ್ಲಿ ಕರೆಯುವರು. ಹರಿಗೋಲಿನಲ್ಲಿ ಕೂತಾಗ ಬಾಳೆಮೀನಿನ ಹೆಸರು ಹೇಳಬಾರದು, ಹೇಳಿದರೆ ಕೇಳಿಸಿಕೊಂಡು ಹೋಗಿಬಿಡುತ್ತದೆ. ಅದಕ್ಕೆ "ಸಾಹುಕಾರ್ರು" ಎನ್ನಬೇಕು. "ಮೀಸೆ ಐತೆ, ಹೊಟ್ಟೆ ಐತೆ, ಹಗಲೆಲ್ಲ ಮಲಗ್ತಾರೆ, ಎದ್ರೆ ಸಣ್ಣೋರನ್ನೆಲ್ಲ ನುಂಗ್ತಾರೆ. ಸಾಹುಕಾರ್ರಲ್ಲದೆ ಮತ್ತೇನು?" ಅನ್ನುವರು. ದಡದಲ್ಲಿ ಕೂತು ಒಂಟಿ ಗಾಳ ಹಾಕಿದಾಗ ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಕಣ್ಣು ಮುಚ್ಚಿ ಇರುವರು. ನೀರು ನೋಡುತ್ತಲೇ ಇರಲಿಲ್ಲ. ಯಾಕೆಂದು ಕೇಳಿದರೆ, "ಕಣ್ಣು ಸುಳ್ಳು ಹೇಳ್ತಾವೆ, ಬೆರಳು ಹೇಳಲ್ಲ. ಕಂಡ ಮೀನು ನಿನ್ನದಲ್ಲ, ತಾಗಿದ ಮೀನು ನಿನ್ನದು" ಎಂಬ ಉತ್ತರ.

ಗಾಳಕ್ಕೆ ಸಿಕ್ಕಿಸುವ ಎರೆಯ ವಿಷಯದಲ್ಲಂತೂ ಅವರಿಗೆ ಮಡಿ ಮೈಲಿಗೆ ಇರಲಿಲ್ಲ. ಕಪ್ಪೆ, ಎರೆಹುಳ, ಕೋಳಿ ಕರುಳು, ನಾತ ಹೊಡೆದಷ್ಟೂ ಒಳ್ಳೆಯದು. ನಾನು ಬಂದ ಹೊಸದರಲ್ಲಿ ಒಂದು ಸಂಜೆ ಎರೆ ಏನೂ ಸಿಗಲಿಲ್ಲ. ನನ್ನ ಟ್ರಂಕಿನಲ್ಲಿ ತವರಿನವರು ಕೊಟ್ಟಿದ್ದ ವಾಸನೆ ಸೋಪು ಇತ್ತು, ಬಣ್ಣದ ಕಾಗದ ಸಹ ಬಿಚ್ಚದೆ ಹಬ್ಬಕ್ಕೆಂದು ಇಟ್ಟಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಾಳೆಮೀನು ಸುಳಿಯುವುದನ್ನು ಅತ್ತೆ ಎಂದೋ ಕಂಡುಕೊಂಡಿದ್ದರು. ನನ್ನನ್ನು ಒಂದು ಮಾತು ಕೇಳದೆ ಸೋಪನ್ನು ಕೊಬ್ಬರಿ ಹೋಳಿನ ಹಾಗೆ ಹೆಚ್ಚಿ ಗಾಳಕ್ಕೆ ಸಿಕ್ಕಿಸಿಬಿಟ್ಟರು. ಬೆಳಿಗ್ಗೆ ನನ್ನ ಸೊಂಟದಷ್ಟು ಉದ್ದದ ಮೀನು ಬಂತು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅತ್ತೆ ಉಳಿದ ಒಂದು ಹೋಳನ್ನು ನನ್ನ ಮುಂದಿಟ್ಟು, "ನೀನು ಹಚ್ಕಂಡಿದ್ರೆ ನಿನ್ನ ಗಂಡ ಒಬ್ಬ ಮೂಸ್ತಿದ್ದ. ಈಗ ನಾಕು ಮನೆ ಉಂಡ್ವು. ಯಾವುದು ಪುಣ್ಯ?" ಅಂದರು. ನನಗೆ ಸಿಟ್ಟು ಇಳಿಯಲಿಲ್ಲ, ನಗು ಮಾತ್ರ ಬಂತು. ನಡುವೆ ಗಾಳದ ತೂತು ಬಿದ್ದ ಆ ಹೋಳಿನಲ್ಲೇ ಒಂದು ತಿಂಗಳು ಮುಖ ತೊಳೆದೆ.

ಇಂಥವರ ಮನೆಯಲ್ಲಿ ನಾನು ಎರಡು ವರ್ಷ ಬಾಳಿದರೂ ಒಂದು ವಿಷಯ ನನಗೆ ಹೊಳೆಯಲಿಲ್ಲ. ಅಕ್ಕಿಯ ಕಲ್ಲು ಆರಿಸುವ ಕೆಲಸ ನನಗೆ, ಸೂಜಿಗೆ ದಾರ ಪೋಣಿಸುವುದು ನನಗೆ, ಬಂದವರು ಯಾರೆಂದು ಬಾಗಿಲಿಗೆ ಹೋಗಿ ನೋಡುವುದು ನನಗೆ. ಅತ್ತೆಯ ದರ್ಬಾರು ಅಂದುಕೊಂಡು ಒಳಗೊಳಗೇ ಗೊಣಗುತ್ತಿದ್ದೆ.

ಆ ವರ್ಷ ಮಡು ಎತ್ತುವ ದಿನದ ಹಿಂದಿನ ಮಧ್ಯಾಹ್ನ. ನಾನು ಹಿತ್ತಿಲಲ್ಲಿ ಗಾಳದ ಹಗ್ಗ ತೆಗೆದು ನೋಡಿದೆ. ಮತ್ತಿ ತೊಗಟೆಯ ಕಷಾಯದಲ್ಲಿ ಅದ್ದಿ ಕಂದು ಬಣ್ಣಕ್ಕೆ ಬಂದ ಉದ್ದನೆಯ ನೂಲಿನ ಹಗ್ಗ, ಅದಕ್ಕೆ ಮಾರಿಗೊಂದರಂತೆ ಇಳಿಬಿಟ್ಟ ಗಾಳ. ಹಗ್ಗದ ತುಂಬ ಗಂಟು. ಒಂದು ಕಡೆ ಒಂದು, ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಒಟ್ಟಿಗೆ, ನೂಲಿನ ಸಣ್ಣ ಸಣ್ಣ ಗಂಟು. ಸಿಕ್ಕುಬಿದ್ದಿದೆ, ಪಾಪ, ಅತ್ತೆಗೆ ಪುರುಸೊತ್ತಿಲ್ಲ ಅಂದುಕೊಂಡೆ. ಮರುದಿನ ಯಜಮಾನರ ಎದುರು ಹಗ್ಗ ಚೆನ್ನಾಗಿ ಕಾಣಲಿ ಎಂದು ಕೂತು, ಸೂಜಿಯ ಮೊನೆಯಿಂದ ಒಂದೊಂದೇ ಗಂಟು ಬಿಡಿಸಿದೆ. ಉಗುರು ಸವೆಯಿತು. ಒಂದನ್ನೂ ಬಿಡಲಿಲ್ಲ. ಮೇಲೆ ಮೇಣ ಉಜ್ಜಿ, ಸುರುಳಿ ಸುತ್ತಿ, ಶಾಬಾಸ್‌ಗಿರಿ ಸಿಗುತ್ತದೆಂದು ಕಾದು ಕೂತೆ.

ಹೊತ್ತು ಇಳಿಯುವಾಗ ಅತ್ತೆ ಬಂದು ಹಗ್ಗ ಕೈಗೆ ತೆಗೆದುಕೊಂಡರು. ಬೆರಳ ಸಂದಿಯಲ್ಲಿ ಅದನ್ನು ಜಾರಿಸುತ್ತ ಹೋದರು. ಹತ್ತು ಮಾರು, ಇಪ್ಪತ್ತು ಮಾರು. ಮತ್ತೆ ಮೊದಲಿನಿಂದ. ಮುಖ ಬಣ್ಣ ಕಳೆದುಕೊಳ್ಳುತ್ತ ಬಂತು.

"ಗಂಟು ಎಲ್ಲಿ?"

"ಬಿಚ್ಚಿದೆ ಅತ್ತೆ. ಸಿಕ್ಕಾಗಿತ್ತು."

ಅವರು ಹಾಗೇ ನೆಲಕ್ಕೆ ಕೂತರು. "ನನ್ನ ಕಣ್ಣು ಕಿತ್ತಿಯಲ್ಲೇ ಭಾನುವಳ್ಳಿ" ಅಂದರು. ಬೈಗುಳ ಅಂದುಕೊಂಡೆ. ಬೈಗುಳವಲ್ಲ, ಇದ್ದದ್ದನ್ನೇ ಹೇಳಿದ್ದರು. ನನ್ನ ಮುಖದ ಕಡೆ ತಿರುಗಿದ್ದ ಆ ಕಣ್ಣು ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿತ್ತು. ಎರಡು ವರ್ಷದ ಅಕ್ಕಿ, ಸೂಜಿ, ಬಾಗಿಲು ಎಲ್ಲ ಒಮ್ಮೆಗೇ ನನಗೆ ಅರ್ಥವಾಯಿತು. ಬಿಸಿಲು ನೆರಳಿನ ವ್ಯತ್ಯಾಸ ಬಿಟ್ಟರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಮಗನಿಗೂ ಹೇಳಿರಲಿಲ್ಲ. ಹೇಳಿದರೆ ಬಾಯಿಂದ ಬಾಯಿಗೆ ಹೋಗಿ ಹಾಲಪ್ಪನಿಗೆ ಮುಟ್ಟುತ್ತದೆ, ಮಡು ಹೋಗುತ್ತದೆ. ಕಣ್ಣು ಮಬ್ಬಾಗುತ್ತ ಬಂದ ಹಾಗೆ ಅವರು ಹಗ್ಗದ ಮೇಲೆ ಮಡುವನ್ನೇ ಬರೆದಿಟ್ಟುಕೊಂಡಿದ್ದರು: ಒಂದು ಗಂಟು ಇರುವಲ್ಲಿ ಕೆಳಗೆ ಕೆಸರು, ಎರಡಿದ್ದಲ್ಲಿ ಬಂಡೆಯ ಅಂಚು, ಮೂರಿದ್ದಲ್ಲಿ ಬಂಡೆಯಡಿಯ ಗವಿ, ಸಾಹುಕಾರ್ರು ಮಲಗುವ ಜಾಗ. ಏಳನೇ ತರಗತಿ ಓದಿದ ನನಗೆ ಆ ಅಕ್ಷರ ಓದಲು ಬರಲಿಲ್ಲ, ಅಳಿಸಲು ಬಂತು. ಅಳುತ್ತ ಅವರ ಕಾಲು ಹಿಡಿದೆ.

"ಅಳಾಕೆ ನಾಳೆ ಟೈಮ್ ಐತೆ. ಈಗ ನೀನು ಹರಿಗೋಲು ಹತ್ತಬೇಕು" ಅಂದರು.

"ನನಗೆ ಭಯ ಆಗ್ತೈತೆ ಅತ್ತೆ."

"ಆಗ್ಲಿ. ಭಯ ಇದ್ದೋರು ಅಲ್ಲಾಡದೆ ಕೂತ್ಕಂತಾರೆ. ನನಗೆ ಅಂಥೋರೇ ಬೇಕು."

ಹೊಳೆಗೆ ಇಳಿಯುವ ಮೊದಲು ಗುರುತು ಬಾಯಿಪಾಠ ಮಾಡಿಸಿದರು. ಎದುರು ದಡದ ಹುಣಸೆಮರ, ನಮ್ಮ ದಡದಲ್ಲಿ ಹಗ್ಗದ ತುದಿ ಕಟ್ಟುವ ಗೂಟದ ನೇರಕ್ಕೆ ಇರುವ ತನಕ ಕೆಸರು. ಅದು ಒಂಟಿ ಗುಡಿಸಲಿನ ಹಿಂದೆ ಸರಿದಾಗ ಬಂಡೆ. ಸೇತುವೆಯ ಮೂರನೇ ಕಂಬ ಆನೆಬಂಡೆಯ ಬೆನ್ನಿಗೆ ಮರೆಯಾದಾಗ ಗವಿ. ಕಣ್ಣಿದ್ದ ಕಾಲದಲ್ಲಿ ನೋಡಿದ್ದೆಲ್ಲ ಅವರ ತಲೆಯಲ್ಲಿ ಹಾಗೇ ನಿಂತಿತ್ತು. ಹರಿಗೋಲಿನಲ್ಲಿ ಇಬ್ಬರು ಕೂರಬಹುದು, ಎತ್ತುವ ಕೈ ಮಾತ್ರ ಒಂದೇ ಇರಬೇಕು, ಅದು ಕಟ್ಟು. ಆದರೆ ನೀರಿನ ಮೇಲೆ ಪಿಸುಮಾತು ಸಹ ದಡಕ್ಕೆ ಕೇಳಿಸುತ್ತದೆ. ಹಾಲಪ್ಪ ಆಗಲೇ ದಡದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಅತ್ತೆ ನನ್ನ ಕೈ ಹಿಡಿದು ತಡವಿದರು. ಎರಡು ಕೈ ತುಂಬ ಹಸಿರು ಬಳೆ. "ಇವು ಮಾತಾಡ್ಲಿ" ಅಂದರು. ಹರಿಗೋಲಿನ ಅಂಚಿಗೆ ಒಂದು ಸಲ ಬಡಿದರೆ ಕೆಸರು, ಎರಡು ಸಲ ಬಂಡೆ, ಮೂರು ಸಲ ಗವಿ. ಹೊಸ ಸೊಸೆಯ ಬಳೆ ಸದ್ದು ಮಾಡಿದರೆ ಯಾರಿಗೆ ಅನುಮಾನ?

ಹರಿಗೋಲು ಗರ್ರನೆ ತಿರುಗಿತು. ಹುಣಸೆಮರ, ಗುಡಿಸಲು, ಕಂಬ ಇಷ್ಟೇ ನೋಡಿದೆ, ನೀರು ನೋಡಲಿಲ್ಲ. ಬಳೆ ಬಡಿದೆ. ಅತ್ತೆ ಹಗ್ಗ ಬಿಡುತ್ತ, ಎಲ್ಲಿ ಯಾವ ಎರೆ, ಎಲ್ಲಿ ಕಲ್ಲಿನ ಭಾರ ಎಂದು ಕೈಯಲ್ಲೇ ಲೆಕ್ಕ ಹಾಕುತ್ತ ಹೋದರು. ಗವಿಯ ಮೇಲೆ ಮೂರು ಸಲ ಬಡಿದಾಗ ಒಂದು ದಪ್ಪ ಕಪ್ಪೆ ಸಿಕ್ಕಿಸಿದ ದೊಡ್ಡ ಗಾಳ ಇಳಿಯಿತು.

ಬೆಳಿಗ್ಗೆ ದಡದಲ್ಲಿ ಯಜಮಾನ ನಾಗಪ್ಪಜ್ಜ, ಕೇರಿಯ ಗಂಡಸರೆಲ್ಲ. ನಮ್ಮವರು ಗಿರಣಿಗೆ ಚಕ್ಕರ್ ಹೊಡೆದು ಬಂದು ಹಿಂದೆ ನಿಂತಿದ್ದರು. ಅತ್ತೆ ಹಗ್ಗ ಎತ್ತತೊಡಗಿದರು. ಒಂದೊಂದು ಗಾಳ ಕೈ ಹತ್ತಿರ ಬಂದಾಗಲೂ ನಾನು ಬಳೆ ಮಿಡಿಯಬೇಕು, ಇಲ್ಲದಿದ್ದರೆ ಕೊಕ್ಕೆ ಅಂಗೈಗೇ ನಾಟುತ್ತದೆ. ಮೊದಲ ಗಾಳ ಖಾಲಿ. ಎರಡು, ಮೂರು, ಏಳು, ಎಂಟು ಖಾಲಿ. ಬಿಸಿಲು ನೀರಿನ ಮೇಲೆ ಸೇತುವೆಯ ಕಡೆ ಹೊರಟಿತ್ತು. ಗವಿಯ ಮೇಲೆ ಬಂದಾಗ ಹಗ್ಗ ಒಮ್ಮೆ ಸಡಿಲವಾಗಿ, ಮರುಕ್ಷಣ ಹರಿಗೋಲನ್ನೇ ಎಳೆದುಕೊಂಡು ಬಿಗಿಯಿತು. "ಬಂದ್ರು" ಅಂದರು ಅತ್ತೆ, ಬಾಗಿಲಿಗೆ ಬೀಗರು ಬಂದಷ್ಟು ಸಲೀಸಾಗಿ. ಅವರು ಎಳೆಯಲಿಲ್ಲ, ಬಿಟ್ಟರು, ಬಿಟ್ಟು ತಂದರು. ಮೀಸೆ ಮೇಲೆ ಬಂತು, ಬಾಯಿ ಮೇಲೆ ಬಂತು. ನಾನು ಎಷ್ಟು ಸಲ ಬಡಿಯಬೇಕೆಂಬುದನ್ನೇ ಮರೆತು ಎರಡೂ ಕೈಯಿಂದ ಹರಿಗೋಲಿಗೆ ಚಚ್ಚಿದೆ. ಅತ್ತೆ ಬಾಯಿಯನ್ನು ತಪ್ಪಿಸಿ ಕಿವಿರಿನ ಹಿಂದೆ ಬೆರಳು ತೂರಿಸಿ, ತೊಟ್ಟಿಲಿನಿಂದ ಮಗು ಎತ್ತಿದಂತೆ ಎತ್ತಿ ಒಳಗೆ ಹಾಕಿದರು. ಮಡು ಆ ವರ್ಷಕ್ಕೆ ನಮ್ಮದಾಯಿತು.

ದಡಕ್ಕೆ ಬಂದಾಗ ನನ್ನ ಕೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ಮುತ್ತೈದೆಯ ಬಳೆ ಒಡೆಯಿತೆಂದು ಹೆಂಗಸರು ಪಿಸುಗುಟ್ಟಿದರು. "ಒಡೆದ್ರೆ ಒಡೀಲಿ, ಗಂಡ ಅಲ್ಲೇ ಕಲ್ಲುಗುಂಡು ನಿಂತಂಗೆ ನಿಂತಾನಲ್ಲ" ಅಂದರು ಅತ್ತೆ. ಅಂದೇ ಸಂಜೆ ನನ್ನ ಭುಜ ಹಿಡಿದು ಪೇಟೆಗೆ ನಡೆದು, ಮಾವ ಹೋದಾಗಿನಿಂದ ಮೆಟ್ಟಿಲು ಹತ್ತದಿದ್ದ ಬಳೆಗಾರನ ಅಂಗಡಿಗೆ ಹೋಗಿ, ಒಂದೊಂದನ್ನೂ ಉಗುರಿನಿಂದ ಮಿಡಿದು ಸದ್ದು ಕೇಳಿ, ಎರಡು ಡಜನ್ ಆರಿಸಿದರು. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ಸಂಜೆ ಇನ್ನೊಂದಿಲ್ಲ.

ಆಮೇಲೆ ನಮ್ಮವರಿಗೂ ಹೇಳಿದೆವು. ಅವರು ಅಮ್ಮನನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಕೈ ಎತ್ತಿ ಬೆರಳೆಷ್ಟು ಎಂದು ಕೇಳಿದರೆ, "ಎಷ್ಟರ ಇರ್ಲಿ ಸ್ವಾಮಿ, ಕೈ ತೊಳ್ಕಂಡಿರೋ ಸೋಪು ಒಳ್ಳೇದೈತೆ, ಎಲ್ಲಿ ತಗಂಡ್ರಿ?" ಅಂದರಂತೆ. ಪೊರೆಯಲ್ಲ, ನರವೇ ಒಣಗಿದೆ, ಮಾಡುವುದೇನೂ ಉಳಿದಿಲ್ಲ ಎಂದು ಹೇಳಿ ಕಳಿಸಿದರು. ಗಂಟುಗಳನ್ನು ನಾನೇ ಗುರುತು ನೋಡಿ ಮತ್ತೆ ಹಾಕಿಕೊಟ್ಟೆ. ಆದರೂ ಅತ್ತೆ ನನ್ನನ್ನು ದಡದಲ್ಲಿ ಬಿಡಲಿಲ್ಲ. ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿ ಈಜು ಕಲಿಸಿದರು. ಕಲಿಸಿದರು ಅನ್ನುವುದಕ್ಕಿಂತ ನೂಕಿದರು ಅನ್ನಬೇಕು. ಎರಡನೇ ವರ್ಷ ಎರೆ ಕಟ್ಟುವುದು ನನ್ನದಾಯಿತು. ಮೂರನೇ ವರ್ಷಕ್ಕೆ ಅವರ ಕೈ ನಡುಗತೊಡಗಿತ್ತು. ದಿನವೂ ಹಗ್ಗ ಎತ್ತುವವಳು ನಾನು, ಅವರ ಕೈ ನನ್ನ ಕೈ ಮೇಲೆ ಸುಮ್ಮನೆ ಇರುತ್ತಿತ್ತು.

ಹಾಲಪ್ಪ ಅದನ್ನು ನೋಡಿಬಿಟ್ಟ. ಮಡು ಎತ್ತುವ ಬೆಳಿಗ್ಗೆ, ನಾವು ಹರಿಗೋಲು ನೀರಿಗೆ ಇಳಿಸುವ ಮೊದಲೇ, ಯಜಮಾನರ ಮುಂದೆ ಬಂದು ನಿಂತ. "ಈ ಮನೆ ಕೈ ಯಾವುದು ಅಂತ ಕೇಳ್ರಿ ಅಜ್ಜ. ಎತ್ತಾಕಿ ಸೊಸೆ, ಹೆಸರು ಅತ್ತೇದು. ಇದು ಯಾವ ಕಟ್ಟು?"

ನಾಗಪ್ಪಜ್ಜ, "ಹೌದೇನ್ ಹೊನ್ನವ್ವ?" ಅಂದರು.

ಅತ್ತೆ ಇಲ್ಲ ಎನ್ನಬಹುದಿತ್ತು. ಆಗ ಕೈಯನ್ನು ಬಿಗಿಹಿಡಿದು ಇನ್ನೊಂದು ವರ್ಷ ಎಳೆದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಅವರು ಸೆರಗು ತಲೆಯಿಂದ ಹಿಂದಕ್ಕೆ ಸರಿಸಿ, ಮುಖ ಎಲ್ಲರಿಗೂ ಕಾಣುವ ಹಾಗೆ ಎತ್ತಿದರು.

"ನನಗೆ ಕಣ್ಣು ಹೋಗಿ ಐದು ವರ್ಷ ಆತು. ಈಗ ನನ್ನ ಮುಂದೆ ಎಷ್ಟು ಜನ ಅದೀರಿ ಅಂತ ನನಗೆ ಗೊತ್ತಿಲ್ಲ. ಮೊದಲು ಗಂಟು ನೋಡ್ತಿದ್ವು, ಆಮೇಲೆ ಇವಳ ಕಣ್ಣು ನೋಡ್ತಿದ್ವು, ಈ ವರ್ಷ ಕೈನೂ ಇವಳದೇ. ನಾನು ನಿಮಗೆ ಮೋಸ ಮಾಡೀನಿ. ನನ್ನ ಹೆಸರು ತೆಗೀರಿ. ಆದ್ರೆ ಮಡು ಕೊಡೋ ಮೊದಲು ಇವಳ ಕೈ ನೋಡ್ರಿ."

ಹಾಲಪ್ಪ ಬಿಡಲಿಲ್ಲ: "ಭಾನುವಳ್ಳಿ ಹೊಲದಾಗ ಬೆಳೆದಾಕಿ, ಹೊಳೆ ಕೊಡ್ರಿ ಅಂದ್ರೆ ಹೆಂಗೆ?"

"ನಾನೂ ಹುಟ್ಟಿದ್ದು ಕೊಕ್ಕನೂರಿನ ಮನೇಲೇ ಹಾಲಪ್ಪ, ಮೀನಿನ ಹೊಟ್ಟೇಲಿ ಅಲ್ಲ" ಅಂದರು ಅತ್ತೆ. ನಾಗಪ್ಪಜ್ಜನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕೆಮ್ಮಿ, ಆಮೇಲೆ ಗಂಭೀರವಾಗಿ, "ಒಬ್ಬಳೇ ಹೋಗ್ಲಿ. ಬಿಸಿಲು ಕಂಬಕ್ಕೆ ಬರೋದ್ರೊಳಗೆ ತರ್ಲಿ" ಅಂದರು.

ಒಬ್ಬಳೇ ಹೋದೆ. ಬೆನ್ನ ಹಿಂದೆ ಅತ್ತೆ ಇಲ್ಲದ ಹರಿಗೋಲು ಹಗುರಾಗಿ ಎಲ್ಲೆಲ್ಲೋ ತಿರುಗುತ್ತಿತ್ತು. ಕಣ್ಣು ತೆರೆದಷ್ಟೂ ಹೆದರಿಕೆ. ಮುಚ್ಚಿಬಿಟ್ಟೆ. ಬೆರಳ ಸಂದಿಯಲ್ಲಿ ಒಂದು ಗಂಟು ಹೋಯಿತು, ಮತ್ತೊಂದು, ಎರಡು ಒಟ್ಟಿಗೆ, ಕೊನೆಗೆ ಮೂರು. ನಾನೇ ಹಾಕಿದ ಗಂಟು, ಆದರೆ ಅವತ್ತೇ ಮೊದಲ ಸಲ ಓದಿದೆ. ಎಳೆತ ತಾಗಿತು. ಎಳೆಯಲಿಲ್ಲ, ಬಿಟ್ಟೆ, ಬಿಟ್ಟು ತಂದೆ. ಮೀನು ಹರಿಗೋಲಿಗೆ ಬಿದ್ದ ಮೇಲೆ ಅಂಚಿಗೆ ಮೂರು ಸಲ ಬಳೆ ಬಡಿದೆ. ಕೇರಿಯವರಿಗೆಲ್ಲ ಆ ಸದ್ದಿನ ಗುಟ್ಟು ಈಗ ತಿಳಿಯಿತು, ತಿಳಿಯಲಿ ಎಂದೇ ಬಡಿದೆ. ದಡದಲ್ಲಿ ಅತ್ತೆ, ಬಳೆಯ ಸದ್ದು ಬಂದ ಕಡೆ ಸರಿಯಾಗಿ ತಿರುಗಿ, ಹಲ್ಲಿನ ಗುರುತಿನ ಎಡಗೈ ಎತ್ತಿದರು.

ಮಡುವಿಗೆ ನನ್ನ ಹೆಸರು ಬಿತ್ತು. ಗಿರಿಜ ಅಂತಲ್ಲ, ಭಾನುವಳ್ಳಿ ಅಂತಲೇ.

ಅಂದಿನಿಂದ ಅತ್ತೆ ಹರಿಗೋಲು ಹತ್ತಲಿಲ್ಲ. ದಿನಾ ಬೆಳಿಗ್ಗೆ ಗೂಟದ ಪಕ್ಕ ಎಲೆ ಅಡಿಕೆ ಜಗಿಯುತ್ತ ಕೂರುವರು. ನಾನು ಗವಿಯ ಮೇಲೆ ಬಂದು ಮೂರು ಸಲ ಬಡಿಯುವೆ, ಅವರು ಕೈ ಎತ್ತುವರು. ಮರು ಬೇಸಿಗೆಯಲ್ಲಿ, ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಾಗ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೆಂಗಸರು ಮೈ ತೊಳೆಯುವಾಗ ಆ ಎಡಗೈಯನ್ನು ನಾನೇ ತೊಳೆದೆ, ಯಾರಿಗೂ ಕೊಡಲಿಲ್ಲ. ತೂತಿನ ಸೋಪು ನೆನಪಾಗಿ, ಪೇಟೆಯಿಂದ ವಾಸನೆ ಸೋಪನ್ನೇ ತರಿಸಿದ್ದೆ.

ಆ ವರ್ಷದ ಮಡು ಎತ್ತುವ ಬೆಳಿಗ್ಗೆ ನಾನು ಗವಿಯ ಮೇಲೆ ಬಂದು ಅಭ್ಯಾಸಬಲದಿಂದ ಮೂರು ಸಲ ಬಡಿದೆ. ದಡದಲ್ಲಿ ಯಾರೂ ಕೈ ಎತ್ತಲಿಲ್ಲ. ಗೂಟದ ಪಕ್ಕದ ಕಲ್ಲು ಖಾಲಿ ಇತ್ತು. ಅಳು ಬಂತು, ಅತ್ತೆ. ಆದರೆ ಅಳಲು ನಾಳೆ ಟೈಮ್ ಐತೆ ಎಂದು ನೀವೇ ಹೇಳಿದ್ದಿರಿ. ಕಣ್ಣು ಮುಚ್ಚಿ ಹಗ್ಗ ಎತ್ತಿದೆ. ಸಾಹುಕಾರ್ರು ಬಂದಿದ್ದರು.